ಮಿಜೋರಾಂ ಹೆಂಗಸರು ಅನ್ನ ಹಾಕಿದರು, ಕಾನೂನು ಮಾತ್ರ ಇನ್ನೂ ಬಂದಿಲ್ಲ

2021ರ ಮಾರ್ಚ್ 26ರಂದು ಮಣಿಪುರದ ಗೃಹ ಇಲಾಖೆ ಗಡಿ ಜಿಲ್ಲೆಗಳ ಅಧಿಕಾರಿಗಳಿಗೆ ಒಂದು ಆದೇಶ ಕಳಿಸಿತು. ಮ್ಯಾನ್ಮಾರ್‌ನಿಂದ ಓಡಿ ಬರುವವರಿಗೆ ಊಟ, ವಸತಿ ಕೊಡಲು ಶಿಬಿರ ತೆರೆಯಬೇಡಿ, ಸಂಘ ಸಂಸ್ಥೆಗಳು ತೆರೆಯುವುದಕ್ಕೂ ಬಿಡಬೇಡಿ, ಬಂದವರನ್ನು ಸೌಜನ್ಯದಿಂದ ಹಿಂದಕ್ಕೆ ಕಳಿಸಿ ಅನ್ನುವುದು ಅದರ ಸಾರ. ಗಲಾಟೆಯಾಯಿತು. ಮೂರೇ ದಿನಕ್ಕೆ ಆದೇಶ ವಾಪಸ್. ಆದರೆ ಹಸಿದು ಬಂದವರಿಗೆ ಅನ್ನ ಹಾಕುವವರನ್ನೂ ತಡೆಯಬೇಕು ಅಂತ ಒಂದು ಸರ್ಕಾರಕ್ಕೆ ಅನ್ನಿಸಿತಲ್ಲ, ಅದನ್ನು ಮರೆಯುವ ಹಾಗಿಲ್ಲ.

ಪಕ್ಕದ ಮಿಜೋರಾಂನಲ್ಲಿ ನಡೆದದ್ದು ಇದರ ಉಲ್ಟಾ. ಆ ವರ್ಷದ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ವಾರಗಳಲ್ಲಿ ಚಿನ್ ರಾಜ್ಯದ ಜನ ಟಿಯಾವು ನದಿ ದಾಟಿ ಈಚೆ ಬರತೊಡಗಿದರು. ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯ ರಾಜ್ಯಗಳಿಗೆ ಪತ್ರ ಬರೆದು, ಯಾರಿಗೂ ನಿರಾಶ್ರಿತ ಸ್ಥಾನಮಾನ ಕೊಡುವ ಅಧಿಕಾರ ನಿಮಗಿಲ್ಲ ಎಂದು ನೆನಪಿಸಿತು. ಅಂದಿನ ಮುಖ್ಯಮಂತ್ರಿ ಝೋರಾಮ್‌ಥಂಗಾ ಒಂದೇ ವಾರದಲ್ಲಿ ಪ್ರಧಾನಿಗೆ ಪತ್ರ ಬರೆದರು: ಇದು ಮಿಜೋರಾಂಗೆ ಒಪ್ಪಿಗೆಯಿಲ್ಲ. ಪತ್ರ ಬರೆದದ್ದು ಮುಖ್ಯಮಂತ್ರಿ. ಆದರೆ ಬಂದ 30 ಸಾವಿರಕ್ಕೂ ಹೆಚ್ಚು ಜನರಿಗೆ ಅಕ್ಕಿ, ಕಂಬಳಿ, ಹಾಲುಪುಡಿ ಹೊಂದಿಸಿದ್ದು ಯಾರು? ಯಂಗ್ ಮಿಜೋ ಅಸೋಸಿಯೇಷನ್‌ನ ಹೆಸರು ಪತ್ರಿಕೆಗಳಲ್ಲಿ ಬಂತು, ಚರ್ಚುಗಳ ಹೆಸರು ಬಂತು. ಅವರ ಕೆಲಸ ಸಣ್ಣದಲ್ಲ. ಆದರೂ ಹೆಂಗಸರ ಪಾಲು ಸುದ್ದಿಯ ಕೊನೆಯ ಪ್ಯಾರಾದಲ್ಲೇ ಉಳಿಯಿತು.

ಇದು ರಾತ್ರೋರಾತ್ರಿ ಹುಟ್ಟಿದ ಸೇವೆಯಲ್ಲ. ಮಿಜೋ ಮನೆಗಳಲ್ಲಿ 'ಬುಹ್‌ಫಾಯ್ ಥಾಮ್' ಅಂತ ಒಂದು ರೂಢಿ ಇದೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಹೆಂಗಸು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಅದನ್ನು ಚರ್ಚಿನ ಹೆಂಗಸರು ಮನೆಮನೆಯಿಂದ ಎತ್ತಿ ತರುತ್ತಾರೆ, ಮಾರುತ್ತಾರೆ, ಆ ದುಡ್ಡು ಚರ್ಚಿನ ಕೆಲಸಕ್ಕೆ ಹೋಗುತ್ತದೆ. ಶತಮಾನ ದಾಟಿದ ಪದ್ಧತಿ ಇದು. ನಮ್ಮ ಕಡೆ ಮಠಗಳ ಪ್ರಸಾದನಿಲಯಗಳಿಗೆ ಊರೂರಿಂದ ಮುಷ್ಟಿ ಧಾನ್ಯ ಎತ್ತುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೇ. ಯಾರ ಮನೆಯಲ್ಲಿ ಏನಿದೆ, ಯಾರ ಮನೆಯಲ್ಲಿ ಇಲ್ಲ ಅನ್ನುವುದು ಹಿಡಿ ಅಕ್ಕಿ ಎತ್ತುವ ಹೆಂಗಸರಿಗೆ ಗೊತ್ತಿರುವಷ್ಟು ತಹಶೀಲ್ದಾರರಿಗೆ ಗೊತ್ತಿರಲ್ಲ. ಇದರ ಜೊತೆಗೆ 1974ರಲ್ಲಿ ಹುಟ್ಟಿದ ಮಿಜೋ ಹ್ಮೇಯ್ಛೆ ಇನ್ಸುಯ್‌ಖೋಮ್ ಪೋಲ್ ಎಂಬ ಮಹಿಳಾ ಸಂಘಟನೆ ಇದೆ. ರಾಜ್ಯದ ಉದ್ದಗಲಕ್ಕೂ ಅದರ ಶಾಖೆಗಳಿವೆ. ವಿವಾಹ, ವಿಚ್ಛೇದನ, ಆಸ್ತಿ ಹಕ್ಕಿನ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದ ಸಂಘಟನೆ ಅದು. 2014ರಲ್ಲಿ ಆ ಕಾಯ್ದೆ ಬಂತು. ಅಂದರೆ ನೆರವಿಗೆ ಬೇಕಾದ ಜಾಲ ಮೊದಲೇ ಸಿದ್ಧವಿತ್ತು.

ಆದರೆ ಜಾಲ ಗಟ್ಟಿಯಾಗಿದೆ ಅಂತ ಸರ್ಕಾರ ಕೈಕಟ್ಟಿ ಕೂತರೆ? ಆಗಿರುವುದು ಇದೇ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಮಿಜೋರಾಂ ಗಡಿಯಲ್ಲಿ ಕೆಲಸ ಮಾಡುವ ಅವಕಾಶ ಇಲ್ಲ. ನೋಂದಣಿ ಬೇಕಿದ್ದರೆ ದೆಹಲಿಗೆ ಹೋಗಬೇಕು. ಕಾಗದವೇ ಇಲ್ಲದವರು ಅಲ್ಲಿಗೆ ಹೋಗುವುದಾದರೂ ಹೇಗೆ? ಮಣಿಪುರಕ್ಕೆ ಬಂದಿದ್ದ ಮ್ಯಾನ್ಮಾರ್‌ನ ಏಳು ಮಂದಿಗಾಗಿ ವಕೀಲೆ ನಂದಿತಾ ಹಕ್ಸರ್ ಹೈಕೋರ್ಟಿಗೇ ಹೋಗಬೇಕಾಯಿತು. 2021ರ ಮೇ ತಿಂಗಳಲ್ಲಿ ಮಣಿಪುರ ಹೈಕೋರ್ಟ್ ಅವರಿಗೆ ದೆಹಲಿಗೆ ಹೋಗುವ ಅವಕಾಶ ಕೊಟ್ಟಿತು. ಜೀವಕ್ಕೆ ಅಪಾಯ ಇರುವ ಕಡೆಗೆ ಯಾರನ್ನೂ ದೂಡಬಾರದು ಅನ್ನುವ ತತ್ವವನ್ನು ಸಂವಿಧಾನದ 21ನೇ ವಿಧಿಯಲ್ಲೇ ಓದಿಕೊಳ್ಳಬಹುದು ಎಂದಿತು. ಒಳ್ಳೆಯ ತೀರ್ಪು. ಆದರೆ 30 ಸಾವಿರ ಜನರಿಗೆ ಏಳೇಳರ ಲೆಕ್ಕದಲ್ಲಿ ಅರ್ಜಿ ಹಾಕಲು ಆಗುತ್ತದಾ?

ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರೆ. ಕಾಂಕ್ರೀಟ್ ಗಟ್ಟಿಯಾಗುವ ತನಕ ಅದು ಭಾರ ಹೊರಬೇಕು, ಆಮೇಲೆ ಬಿಚ್ಚಬೇಕು. ಇಲ್ಲಿ ಕಾಂಕ್ರೀಟೇ ಸುರಿದಿಲ್ಲ, ಸೆಂಟ್ರಿಂಗ್ ಮೇಲೇ ಮನೆ ನಿಂತಿದೆ. 2022ರ ನವೆಂಬರ್‌ನಿಂದ ಬಾಂಗ್ಲಾದೇಶದ ಬೋಮ್ ಜನ ಬಂದರು. 2023ರ ಮೇ ನಂತರ ಮಣಿಪುರದ ಹಿಂಸೆಗೆ ಬೆದರಿ ಸಾವಿರಾರು ಕುಕಿ-ಝೋ ಜನ ಬಂದರು. 2025ರ ಜುಲೈನಲ್ಲಿ ಚಿನ್ ಸಶಸ್ತ್ರ ಗುಂಪುಗಳೇ ಪರಸ್ಪರ ಹೊಡೆದಾಡಿಕೊಂಡಾಗ ಸುಮಾರು 4 ಸಾವಿರ ಮಂದಿ ಝೋಖೋತಾರ್ ಕಡೆಗೆ ದಾಟಿದರು. ಪ್ರತಿ ಸಲವೂ ಅದೇ ಮನೆಗಳು, ಅದೇ ಡಬ್ಬಿಗಳು. ದಣಿವು ಕಾಣಿಸುತ್ತಿದೆ. ನಿರಾಶ್ರಿತರು ಅಂಗಡಿ ಇಡಬಾರದು, ಜಾಗ ಕೊಳ್ಳಬಾರದು ಅಂತ ಗಡಿಯ ಕೆಲವೆಡೆ ನಿರ್ಬಂಧಗಳೂ ಬಂದಿವೆ. ಇದನ್ನು ಮಿಜೋ ಜನರ ಕೃಪಣತನ ಅಂತ ಬೆಂಗಳೂರಲ್ಲಿ ಕೂತು ಬೈಯುವುದು ಸುಲಭ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಈ ನೆರವಿನ ಬುನಾದಿ ರಕ್ತಸಂಬಂಧ. ಚಿನ್, ಮಿಜೋ, ಕುಕಿ ಎಲ್ಲರೂ ಒಂದೇ ಝೋ ಕುಲದವರು ಎಂಬ ನಂಬಿಕೆಯೇ ಬಾಗಿಲು ತೆರೆಸಿತು. ನಂಟಿಲ್ಲದವರ ಗತಿ ಏನು? ಅದೇ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಗಳು ನಮ್ಮ ಬೆಂಗಳೂರಿನ ಅಂಚಲ್ಲಿ ಕಸ ವಿಂಗಡಿಸಿ ಬದುಕುತ್ತಿವೆ. ಅವರ ಬಗ್ಗೆ ಟೀವಿಯಲ್ಲಿ ಕೇಳಿಸುವ ಭಾಷೆಯೇ ಬೇರೆ. ಹೆಂಗಸರ ಒಳ್ಳೆತನದ ಮೇಲೆ ನಿಂತ ವ್ಯವಸ್ಥೆ ಆ ಒಳ್ಳೆತನ ಮುಟ್ಟುವಷ್ಟು ದೂರ ಮಾತ್ರ ಹೋಗುತ್ತದೆ.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹುಡುಕಬೇಕಿಲ್ಲ, ಬೈಲಕುಪ್ಪೆ ಇದೆ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಅಲ್ಲಿ ಸುಮಾರು 3,000 ಎಕರೆ ಗುತ್ತಿಗೆಗೆ ಕೊಟ್ಟಿತು. ಆಗಲೂ ಭಾರತದಲ್ಲಿ ನಿರಾಶ್ರಿತರ ಕಾಯ್ದೆ ಇರಲಿಲ್ಲ, 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಾವು ಇವತ್ತಿಗೂ ಸಹಿ ಹಾಕಿಲ್ಲ. ಆದರೂ ಭೂಮಿ ಸಿಕ್ಕಿತು, ಶಾಲೆ ಬಂತು. ಅಲ್ಲಿ ಯಾವ ಹೆಂಗಸೂ ತನ್ನ ಅಕ್ಕಿಡಬ್ಬಿಯಿಂದ ಒಂದು ಜನಾಂಗವನ್ನು ಸಾಕಬೇಕಾಗಲಿಲ್ಲ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ವಿದೇಶಿಯರಿಗೆ ವಸತಿ ಕೊಡುವವರು ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ ಅದು. ಒಂದು ಕೋಣೆ ಬಿಟ್ಟುಕೊಟ್ಟ ಮಿಜೋ ಹೆಂಗಸು ನಾಳೆ ಈ ನಿಯಮದಡಿ ಏನಾಗುತ್ತಾಳೆ, ಅತಿಥಿಗೆ ಅನ್ನ ಹಾಕಿದವಳೋ, ಮಾಹಿತಿ ಮುಚ್ಚಿಟ್ಟವಳೋ? ಮಿಜೋರಾಂ ಮೊದಲು ಬೇಡವೆಂದಿದ್ದ ಬಯೋಮೆಟ್ರಿಕ್ ದಾಖಲಾತಿಯೂ 2025ರಲ್ಲಿ ಶುರುವಾಗಿದೆ. ಕಾಯ್ದೆ ಜಾರಿಯಾದ ದಿನವೇ ಹೊರಟ ವಿನಾಯಿತಿ ಆದೇಶದಲ್ಲಿ ಟಿಬೆಟಿಯನ್ನರಿದ್ದಾರೆ, 2015ರ ಜನವರಿ 9ಕ್ಕಿಂತ ಮುಂಚೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿದ್ದಾರೆ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಅಲ್ಪಸಂಖ್ಯಾತರಿದ್ದಾರೆ. ಮ್ಯಾನ್ಮಾರ್ ಸೇನೆಗೆ ಹೆದರಿ ಓಡಿ ಬಂದವರಿಲ್ಲ. ಅವರನ್ನು ಸೇರಿಸಲು ಸಂಸತ್ತಿನಲ್ಲಿ ಹೊಸ ಮಸೂದೆಯೇನೂ ಬೇಕಿಲ್ಲ. ಗೃಹ ಸಚಿವಾಲಯದ ಒಂದು ಅಧಿಸೂಚನೆ ಸಾಕು.