ಮೂರು ‘ಬೇಡ’ಗಳ ಬುತ್ತಿ

ಬೆಳಗಿನ ಐದೂವರೆ ಗಂಟೆ. ಬೆಂಗಳೂರಿನ ಹನುಮಂತನಗರದ ಒಂದು ಮನೆಯಲ್ಲಿ ಅಡುಗೆಮನೆಯ ದೀಪ ಆಗಲೇ ಹತ್ತಿಕೊಂಡಿದೆ. ಒಲೆಯ ಮುಂದೆ ನಿಂತಿರುವ ಗೃಹಿಣಿ ಬ್ಯಾಂಕಿನಲ್ಲಿ ಉದ್ಯೋಗದಲ್ಲಿರುವವಳು. ಒಂಬತ್ತಕ್ಕೆ ಬಸ್ಸು ಹಿಡಿಯಬೇಕು. ಅದಕ್ಕೆ ಮೊದಲು ಎಂಟು ವರ್ಷದ ಮಗಳ ಊಟದ ಡಬ್ಬಿ ಸಿದ್ಧವಾಗಬೇಕು. ಡಬ್ಬಿ ಕಟ್ಟುವುದೇನು ಮಹಾಕಾರ್ಯ, ಊರಿನ ತಾಯಂದಿರೆಲ್ಲ ಮಾಡುವುದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳಿದವರಿಗೆ ಆ ಅಡುಗೆಮನೆಯ ಗೋಡೆಗೆ ಅಂಟಿಸಿರುವ ಚೀಟಿಯನ್ನು ತೋರಿಸಿದರೆ ಸಾಕು. ಅದರಲ್ಲಿರುವುದು ಮೂರೇ ಮಾತು: ಗೋಧಿ ಬೇಡ, ಹಾಲು ಬೇಡ, ಕಡಲೆಕಾಯಿ ಬೇಡ.

ಮೂರೇ ಮಾತೆಂದು ಓದಿ ಮುಗಿಸುವುದು ಸುಲಭ. ಗೋಧಿ ಬೇಡವೆಂದೊಡನೆ ಚಪಾತಿ, ಪೂರಿ, ರವೆ ಉಪ್ಪಿಟ್ಟು, ಬ್ರೆಡ್ಡು, ಬಿಸ್ಕತ್ತುಗಳೆಲ್ಲ ಎದ್ದು ಹೊರಟವು. ಹಾಲು ಬೇಡವೆಂದೊಡನೆ ಬೆಣ್ಣೆ, ತುಪ್ಪ, ಪೇಡೆಗಳು ಹೋದವು. ಅವುಗಳ ಹಿಂದೆಯೇ ಈ ಸೀಮೆಯ ಊಟಕ್ಕೆ ಮಂಗಳ ಹಾಡುವ ಮೊಸರನ್ನವೂ ಹೋಯಿತು. ಉಳಿದ ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಗಳನ್ನು ಕಡಲೆಕಾಯಿ ಹಿಡಿದುಕೊಂಡಿತು. ಮೇಲಾಗಿ ಆ ಮನೆ ಇರುವ ಸ್ಥಳವನ್ನು ನೋಡಿ. ನಾಲ್ಕು ಹೆಜ್ಜೆ ನಡೆದರೆ ಬಸವನಗುಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಉದ್ದಕ್ಕೂ ಕಡಲೆಕಾಯಿಯ ರಾಶಿ ಬೀಳುವ ಪರಿಷೆ! ಊರಿಗೆ ಊರೇ ಪೊಟ್ಟಣ ಹಿಡಿದು ಸಿಪ್ಪೆ ಬಿಡಿಸುವ ಆ ದಿನ ಈ ಹುಡುಗಿ ತಂದೆಯ ಕೈ ಹಿಡಿದು ಗೊಂಬೆಯಂಗಡಿಗಳ ಸಾಲನ್ನು ಮಾತ್ರ ನೋಡಿ ಬರುತ್ತಾಳೆ.

ಈ ಮೂರು ನಿಷೇಧಗಳೂ ಒಂದೇ ಜಾತಿಯವಲ್ಲ. ಹಾಲು ಮತ್ತು ಕಡಲೆಕಾಯಿಯ ವೈರ ಬಹಿರಂಗವಾದದ್ದು. ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು ಏಳುತ್ತದೆ, ತುಟಿ ಬಾತುಕೊಳ್ಳುತ್ತದೆ. ಕೆಲವೊಮ್ಮೆ ಗಂಟಲೇ ಕಟ್ಟಿಕೊಂಡು ಪ್ರಾಣಕ್ಕೆ ಸಂಚಕಾರ ಬರುತ್ತದೆ. ಆಗ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡಬೇಕು, ತಡಮಾಡುವಂತಿಲ್ಲ. ಗೋಧಿಯ ವೈರವಾದರೋ ಗುಪ್ತವಾದದ್ದು. ವೈದ್ಯರು ಅದನ್ನು ಸೀಲಿಯಾಕ್ ಎನ್ನುತ್ತಾರೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಅಂಟಿನ ಸತ್ವ ಒಳಗೆ ಹೋದಾಗ ದೇಹವು ತನ್ನ ಸಣ್ಣ ಕರುಳಿನ ಮೇಲೆಯೇ ಕತ್ತಿ ಎತ್ತುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ನಿಂತು ಅನ್ನಸಾರವನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಕುಚ್ಚುಗಳು ದಿನೇ ದಿನೇ ಸವೆಯುತ್ತವೆ. ಮಗು ಉಣ್ಣುತ್ತದೆ, ಆದರೆ ಬೆಳೆಯುವುದಿಲ್ಲ.

1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಇದಕ್ಕೆ ಮದ್ದು ಇರುವುದಾದರೆ ಅದು ಪಥ್ಯದಲ್ಲೇ ಇರಬೇಕೆಂದು ಹೇಳಿದ್ದನು. ಯಾವ ಪಥ್ಯವೆಂಬುದು ಅವನಿಗೂ ಹೊಳೆಯಲಿಲ್ಲ. ಅದನ್ನು ಕಂಡುಹಿಡಿದವನು ಹಾಲೆಂಡಿನ ಮಕ್ಕಳ ವೈದ್ಯ ಡಿಕ್ಕೆ. ಗೋಧಿಯ ಮೇಲೆ ಅವನಿಗೆ ಮೊದಲೇ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಯುದ್ಧದಿಂದ ಆ ದೇಶಕ್ಕೆ ಭೀಕರ ಕ್ಷಾಮ ಬಂದು ರೊಟ್ಟಿಯೇ ಸಿಗದಾದಾಗ ಉಳಿದ ಮಕ್ಕಳು ಸೊರಗಿದರು, ಈ ರೋಗದ ಮಕ್ಕಳು ಚೇತರಿಸಿಕೊಂಡರು! ರೊಟ್ಟಿ ಮರಳಿ ಬಂದೊಡನೆ ರೋಗವೂ ಮರಳಿತು. 1950ರಲ್ಲಿ ಅವನು ತನ್ನ ಪ್ರೌಢಪ್ರಬಂಧದಲ್ಲಿ ಗೋಧಿಯ ಕೈವಾಡವನ್ನು ನಿರೂಪಿಸಿದನು. ನಮ್ಮ ದೇಶದಲ್ಲಿ ಗೋಧಿಯುಣ್ಣುವ ಉತ್ತರದ ಪ್ರಾಂತಗಳಲ್ಲಿ ಇದು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಆದರೆ ರಾತ್ರಿಗೆ ಚಪಾತಿ, ಸಂಜೆಗೆ ಬನ್ನು ಎಂಬುದು ಬೆಂಗಳೂರಿನ ಮನೆಗಳಲ್ಲೂ ರೂಢಿಯಾಗಿ ಬಹಳ ಕಾಲವಾಯಿತು.

ಹಾಗಾದರೆ ಡಬ್ಬಿಗೆ ಏನು ಹಾಕುವುದು? ವಿಚಿತ್ರವೆಂದರೆ, ಆ ಮನೆಯಲ್ಲಿ ಇದು ದೊಡ್ಡ ಪ್ರಶ್ನೆಯಾಗಲೇ ಇಲ್ಲ. ಚೀಟಿಯನ್ನು ಓದಿ ಸೊಸೆ ಕಣ್ಣೀರು ಹಾಕುತ್ತಿದ್ದಾಗ ಅತ್ತೆ ಕೇಳಿದ್ದು ಒಂದೇ ಮಾತು: “ಅಕ್ಕಿ ಆಗತ್ತೇನಮ್ಮ? ರಾಗಿ ಆಗತ್ತೆ ತಾನೆ? ಮತ್ಯಾಕೆ ಅಳ್ತೀಯ?” ಆಕೆಯ ಬಾಲ್ಯದ ಊರಿನಲ್ಲಿ ಗೋಧಿ ಎಂಬುದು ಹಬ್ಬಕ್ಕೆ ಬರುವ ನೆಂಟ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಆ ಅಂಟಿನ ಸತ್ವವಿಲ್ಲ. ಸೋಮವಾರಕ್ಕೆ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ, ಮಂಗಳವಾರಕ್ಕೆ ನುಚ್ಚಿನುಂಡೆ, ಮರುದಿನಕ್ಕೆ ಒತ್ತುಶಾವಿಗೆ, ಆಮೇಲೆ ಅಕ್ಕಿತರಿ ಉಪ್ಪಿಟ್ಟು, ಬಟ್ಟಲು ಇಡ್ಲಿ. ಚಿತ್ರಾನ್ನದ ಒಗ್ಗರಣೆಯಲ್ಲಿ ಕಡಲೆಕಾಯಿ ಬೀಜದ ಸ್ಥಾನಕ್ಕೆ ಕೆಂಪಗೆ ಹುರಿದ ಕಡಲೆಬೇಳೆ ಬಂದಿತು. ಚಟ್ನಿಪುಡಿಯಲ್ಲಿ ಹುಚ್ಚೆಳ್ಳು ಬಂದಿತು. ಹಾಲಿಲ್ಲದೆ ಮೂಳೆ ಬಲಿಯುವುದು ಹೇಗೆಂಬ ಚಿಂತೆಗೆ ವೈದ್ಯರೇ ರಾಗಿಯನ್ನು ತೋರಿಸಿದರು: ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಣ್ಣಾಂಶ ಸುಮಾರು 120 ಮಿಲಿಗ್ರಾಂ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350. ಅದೆಲ್ಲವೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಮೇಲೆಂದೂ ಹೇಳಿದರು. ಮೊಳಕೆ ಕಟ್ಟುವುದನ್ನು ಆ ಅಜ್ಜಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೊಸರನ್ನದ ಕೊರತೆಯನ್ನು ಮಾತ್ರ ಯಾವುದೂ ತುಂಬಲಿಲ್ಲ. ತೆಂಗಿನಹಾಲು ಕಲಸಿ, ನಿಂಬೆರಸ ಹಿಂಡಿ, ಸಾಸಿವೆ ಶುಂಠಿಯ ಒಗ್ಗರಣೆ ಕೊಟ್ಟರು. ಹುಡುಗಿ ತಿಂದಳು. ಅಜ್ಜಿ ರುಚಿ ನೋಡಿ ಮುಖ ತಿರುಗಿಸಿದಳು.

ಹೀಗೆ ಒಂದು ವರ್ಷ ಕಳೆಯಿತು. ಮನೆಯೊಳಗೆ ಗೋಧಿಯ ಒಂದು ಕಾಳು ಕಾಲಿಟ್ಟಿರಲಿಲ್ಲ. ದೊಡ್ಡವರೂ ಚಪಾತಿ ಬಿಟ್ಟಿದ್ದರು. ಆದರೂ ವರ್ಷದ ಕೊನೆಯ ರಕ್ತಪರೀಕ್ಷೆಯಲ್ಲಿ ರೋಗದ ಗುರುತು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗೋಧಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಎಂದರು ವೈದ್ಯರು. ತಾಯಿ ಮಗಳನ್ನು ಗದರಿಸಿ ಕೇಳಿದಳು, “ಸ್ಕೂಲಲ್ಲಿ ಯಾರ ಹತ್ತಿರವಾದರೂ ಬಿಸ್ಕತ್ತು ಇಸ್ಕೊಂಡು ತಿಂದೆಯಾ?” ಇಲ್ಲವೆಂದಳು ಹುಡುಗಿ. ನಿಜ ಹೇಳೆಂದು ಎರಡನೆಯ ಸಲ ಕೇಳಿದಾಗ ಅವಳು ಅತ್ತಳು. ನಿಷ್ಕಾರಣವಾಗಿ ಅನುಮಾನಕ್ಕೆ ಗುರಿಯಾದ ಮಗುವಿನ ಆ ಅಳುವನ್ನು ತಾಯಿ ಇಂದಿಗೂ ಮರೆತಿಲ್ಲ.

ಕಳ್ಳ ಸಿಕ್ಕಿದ್ದು ಮಸಾಲೆಯ ಡಬ್ಬದಲ್ಲಿ. ಒಂದು ಭಾನುವಾರ ತಂದೆ ಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದುತ್ತ ಕುಳಿತನು. ಇಂಗಿನ ಡಬ್ಬಿಯ ಸರದಿ ಬಂದಾಗ ಅವನ ಓದು ನಿಂತಿತು. ಹಸಿ ಇಂಗು ಬಹು ತೀಕ್ಷ್ಣವಾದ ವಸ್ತು. ಅಫಘಾನಿಸ್ತಾನ ಮೊದಲಾದ ಕಡೆಗಳಿಂದ ಬರುವ ಆ ಗಿಡದ ಅಂಟನ್ನು ಹಾಗೆಯೇ ಅಡುಗೆಗೆ ಹಾಕಲಾಗದು. ಆದುದರಿಂದ ಅದಕ್ಕೆ ಗೋಂದನ್ನೂ ಹಿಟ್ಟನ್ನೂ ಕೂಡಿಸಿ ಮಾರುತ್ತಾರೆ, ಮತ್ತು ಆ ಹಿಟ್ಟು ಬಹುಮಟ್ಟಿಗೆ ಗೋಧಿಯದು. ಸಾರಿಗೆ ಒಂದು ಚಿಟಿಕೆ, ಒಗ್ಗರಣೆಗೆ ಒಂದು ಚಿಟಿಕೆ, ನುಚ್ಚಿನುಂಡೆಗೆ ಒಂದು ಚಿಟಿಕೆ! ಅದನ್ನು ಹಾಕುತ್ತಿದ್ದವಳು ಅಜ್ಜಿ. ಮಗುವಿಗೆ ಹೊಟ್ಟೆಯುಬ್ಬರವಾಗದಿರಲೆಂದು ತುಸು ಹೆಚ್ಚಾಗಿಯೇ ಹಾಕುತ್ತಿದ್ದಳು. ಆ ದಿನ ಅವಳು ಊಟ ಮಾಡಲಿಲ್ಲ.

ಹುಡುಕುವ ಕಣ್ಣು ಬಂದ ಮೇಲೆ ಎರಡನೆಯ ಕಳ್ಳನೂ ಸಿಕ್ಕಿದನು. ರಾಗಿಯನ್ನು ಬೀಸಿಸುತ್ತಿದ್ದುದು ಬೀದಿಯ ಮೂಲೆಯ ಹಿಟ್ಟಿನ ಗಿರಣಿಯಲ್ಲಿ. ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲಿಯೇ ಹಿಂದಿನವರ ರಾಗಿ. ಕಲ್ಲಿನಲ್ಲಿ ಉಳಿದ ಹಿಡಿ ಹಿಟ್ಟು ಇವರ ಪಾತ್ರೆಗೆ. ಅಕ್ಕಪಕ್ಕದವರು ನೂರು ವರ್ಷದಿಂದ ಮಾಡಿಕೊಂಡು ಬಂದ ಈ ನಿರುಪದ್ರವಿ ವಿನಿಮಯ ಒಂದು ಮಗುವಿನ ಕರುಳನ್ನು ಸವೆಸುತ್ತಿತ್ತು. ಗ್ಲೂಟೆನ್ ಇಲ್ಲವೆಂದು ಹೇಳಿಕೊಳ್ಳುವ ಆಹಾರದಲ್ಲಿ ಅದು ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬುದು ನಿಯಮ. ಆ ಲೆಕ್ಕದಲ್ಲಿ ಹಿಡಿ ಹಿಟ್ಟು ಎಂದರೆ ಪರ್ವತ. ಆ ವಾರವೇ ಮನೆಗೆ ಪುಟ್ಟದೊಂದು ಹಿಟ್ಟಿನ ಯಂತ್ರ ಬಂದಿತು. ಗಾಣದ ಕಡಲೆಕಾಯಿ ಎಣ್ಣೆ ಮಾತ್ರ ಮೊದಲೇ ಹೊರಗೆ ಹೋಗಿತ್ತು. ಶುದ್ಧವೆಂದು ಹಿರಿಯರು ಮೆಚ್ಚುವ ಆ ಎಣ್ಣೆಯಲ್ಲಿಯೇ ಬೀಜದ ಸತ್ವ ಉಳಿದಿರುತ್ತದೆಂಬುದನ್ನು ನಂಬಲು ಅಜ್ಜಿಗೆ ಬಹಳ ದಿನ ಬೇಕಾಯಿತು.

ಪೊಟ್ಟಣಗಳ ಮಾತು ಬಂದುದರಿಂದ ಒಂದು ಉಪಯುಕ್ತ ಸಂಗತಿ. 2020ರ ನಿಯಮಗಳ ಪ್ರಕಾರ ಗ್ಲೂಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದವುಗಳ ಇರವನ್ನು ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕು. ಅಕ್ಷರ ಇರುವೆಯ ಸಾಲಿನಂತಿದ್ದರೂ ಓದುವ ತಾಯಿಗೆ ಅದು ದೊಡ್ಡ ಆಸರೆ. ಆದರೆ ಓದಲು ಬಾರದ ತಾಯಿ? ದಿನಗೂಲಿಗೆ ಹೋಗುವ ತಾಯಿ? ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯ ಆರಂಭವಾಯಿತು. ಅದು ಒಳ್ಳೆಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಾಲಿನಲ್ಲಿ ಲೋಟ ಹಿಡಿದು ನಿಂತ ಒಂದು ಮಗುವಿಗೆ ಹಾಲೇ ವಿಷವಾಗಿದ್ದರೆ ಅದನ್ನು ಹೇಳುವವರು ಯಾರು? ಬೇರೆ ಕಾವಲಿ, ಬೇರೆ ಯಂತ್ರ ಎಂಬುದೆಲ್ಲ ಸಂಬಳದ ಮನೆಯವರಿಗೆ ಸಾಧ್ಯವಾದ ಮಾತು.

ಹೇಳುವ ಮಾತೂ ಸುಲಭವಲ್ಲ. ಶಾಲೆಗೆ ಕಳುಹಿಸಿದ ಮೊದಲ ಪತ್ರದಲ್ಲಿ ತಾಯಿ ಅವಸರದಲ್ಲಿ “ಹಾಲು, ಗೋಧಿ, ಕಡಲೆ ಆಗುವುದಿಲ್ಲ” ಎಂದು ಬರೆದಳು. ಮರುದಿನ ಡಬ್ಬಿ ತುಂಬಿದಂತೆಯೇ ಹಿಂದಿರುಗಿತು. ಚಿತ್ರಾನ್ನದಲ್ಲಿ ಕಡಲೆಬೇಳೆ ಕಂಡ ಉಪಾಧ್ಯಾಯಿನಿ ಅದನ್ನು ತಿನ್ನಗೊಟ್ಟಿರಲಿಲ್ಲ. ಪಾಪ, ಆಕೆಯ ತಪ್ಪಿಲ್ಲ. ಕಡಲೆ ಬೇರೆ, ಕಡಲೆಕಾಯಿ ಬೇರೆ. ಒಂದು ಇಲ್ಲಿಯ ಹಳೆಯ ಕಾಳು, ಇನ್ನೊಂದು ದಕ್ಷಿಣ ಅಮೆರಿಕದಿಂದ ಬಂದು ಮೊದಲನೆಯದರ ಹೆಸರನ್ನು ಹೊದ್ದುಕೊಂಡದ್ದು. ಧಾರವಾಡದ ಕಡೆಯವರು ಶೇಂಗಾ ಎಂದು ಕರೆದು ಈ ಗೊಂದಲದಿಂದ ಪಾರಾಗಿದ್ದಾರೆ. ಎರಡನೆಯ ಪತ್ರದಲ್ಲಿ “ಕಡಲೆಕಾಯಿ ಬೀಜ, ಅಂದರೆ ಶೇಂಗಾ” ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡೂ ಕಾಳುಗಳನ್ನು ಅಂಟಿಸಿ ಕಳುಹಿಸಬೇಕೆಂದಿದ್ದಳು ತಾಯಿ. ಅಂಟಿಸಲು ಶೇಂಗಾ ಮನೆಯಲ್ಲಿ ಎಲ್ಲಿಂದ ಬರಬೇಕು? ಚಿತ್ರ ಬರೆದಳು.

ಇಷ್ಟೆಲ್ಲ ಜಯಿಸಿದ ಮೇಲೂ ಉಳಿದದ್ದೊಂದಿದೆ. ಅದು ಡಬ್ಬಿಯ ಒಳಗಿನದಲ್ಲ, ಡಬ್ಬಿಯ ಸುತ್ತಲಿನದು. ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ಗುಂಪಾಗಿ ಕುಳಿತು ಡಬ್ಬಿಗಳನ್ನು ತೆರೆಯುತ್ತಾರೆ. ಒಬ್ಬರ ಪೂರಿ ಇನ್ನೊಬ್ಬರ ಪುಳಿಯೋಗರೆಯೊಡನೆ ಮನೆ ಬದಲಾಯಿಸುತ್ತದೆ. ಸ್ನೇಹ ಬೆಳೆಯುವುದೇ ಆ ತುತ್ತಿನಲ್ಲಿ. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಕಲಿಸುವ ನಾಡು ಇದು. ಆ ನಾಡಿನಲ್ಲಿ ದಿನವೂ ಬೇಡವೆನ್ನುವುದನ್ನು ಎಂಟು ವರ್ಷದ ನಾಲಗೆ ಕಲಿಯಬೇಕು. ಹುಟ್ಟುಹಬ್ಬದ ಚಾಕಲೇಟನ್ನು ಅವಳು ತೆಗೆದುಕೊಳ್ಳುತ್ತಾಳೆ, ತಿನ್ನುವುದಿಲ್ಲ. ಸಂಜೆ ತಂದು ಅಜ್ಜಿಯ ಕೈಗೆ ಹಾಕುತ್ತಾಳೆ. ಒಂದು ಕಾಲದಲ್ಲಿ ಅವುಗಳನ್ನು ಎಣಿಸಿಡುತ್ತಿದ್ದಳು. ಈಗ ಎಣಿಸುವುದಿಲ್ಲ.

ಬಂಧುಗಳ ಮನೆಯ ಸತ್ಯನಾರಾಯಣ ಪೂಜೆಯಲ್ಲಂತೂ ವಿಷಯ ಕಠಿಣವಾಯಿತು. ಸಪಾದಭಕ್ಷ್ಯವೆಂದರೆ ಗೋಧಿಯ ರವೆ, ಹಾಲು, ತುಪ್ಪ. ಮೂರು ನಿಷೇಧಗಳಲ್ಲಿ ಎರಡು ಒಂದೇ ದೊನ್ನೆಯಲ್ಲಿ! ಹುಡುಗಿ ಕೈ ಹಿಂದಕ್ಕೆ ತೆಗೆದಳು. “ಪ್ರಸಾದಕ್ಕೆ ಬೇಡ ಅನ್ನಬಾರದು ಪುಟ್ಟಿ, ಒಂದು ಚೂರು ತಿಂದರೆ ಏನೂ ಆಗಲ್ಲ” ಎಂದರು ಹಿರಿಯರೊಬ್ಬರು. ಎಲ್ಲರ ಕಣ್ಣೂ ಮಗುವಿನ ಮೇಲೆ. ತಾಯಿ ಉತ್ತರ ಹುಡುಕುತ್ತಿರುವಷ್ಟರಲ್ಲಿ ಅಜ್ಜಿ ಮುಂದೆ ಬಂದು ಮೊಮ್ಮಗಳ ಪಾಲಿನ ಪ್ರಸಾದವನ್ನು ತಾನೇ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನೈವೇದ್ಯದ ಬಾಳೆಹಣ್ಣೊಂದನ್ನು ಮುರಿದು ಹುಡುಗಿಯ ಕೈಯಲ್ಲಿಟ್ಟಳು. “ಇದೂ ದೇವರ ಮುಂದೆ ಇಟ್ಟಿದ್ದೇ. ತಿನ್ನು.” ಇಂಗಿನ ಪ್ರಸಂಗ ನಡೆದು ಆಗ ಎರಡು ತಿಂಗಳೂ ಆಗಿರಲಿಲ್ಲ. ಹಿರಿಯರು ಮತ್ತೆ ಮಾತನಾಡಲಿಲ್ಲ.

ಈ ವರ್ಷದ ಸಂಕ್ರಾಂತಿಗೆ ಅಜ್ಜಿಯೇ ಒಂದು ಹಂಚಿಕೆ ಹೂಡಿದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಎಲ್ಲ ಸರಿ. ಅವುಗಳ ಜೊತೆಗಾರ ಕಡಲೆಕಾಯಿ ಬೀಜದ ಬದಲು ಸಿಹಿಗುಂಬಳದ ಬೀಜವನ್ನು ಒಣಗಿಸಿ, ಸುಲಿದು, ಹುರಿದು ಬೆರೆಸಿದಳು. ಸಕ್ಕರೆ ಅಚ್ಚಿನ ಪಾಕದ ಕೊಳೆ ತೆಗೆಯಲು ಹಾಲು ಹಾಕುವುದು ಹಳೆಯ ಪದ್ಧತಿ. ಈಗಿನ ಬಿಳಿಯ ಸಕ್ಕರೆಯಲ್ಲಿ ಕೊಳೆ ಎಲ್ಲಿದೆ ಎಂದು ಹಾಲನ್ನು ಬಿಟ್ಟೇ ಅಚ್ಚು ಹೊಯ್ದಳು. ಹಬ್ಬದ ಮರುದಿನ, ಉಪಾಧ್ಯಾಯಿನಿಯ ಒಪ್ಪಿಗೆ ಪಡೆದು, ಊಟದ ಡಬ್ಬಿಯ ಜೊತೆಗೆ ಎಳ್ಳಿನ ದೊಡ್ಡ ಡಬ್ಬಿಯೂ ಶಾಲೆಗೆ ಹೋಯಿತು. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ತಾನೂ ತಿನ್ನಬಹುದಾದದ್ದನ್ನು ಬೊಗಸೆ ತುಂಬಿ ಮೂವತ್ತೇಳು ಕೈಗಳಿಗೆ ಬೀರಿ ಬಂದಳು ಹುಡುಗಿ.

ಸಂಜೆ ಡಬ್ಬಿಯನ್ನು ತೊಳೆಯಲು ತೆಗೆದುಕೊಂಡಾಗ ತಳದಲ್ಲಿ ನಾಲ್ಕು ಎಳ್ಳು ಕಾಳು ಮಾತ್ರ ಅಂಟಿಕೊಂಡಿದ್ದವು. ಹಿಂದಿನಿಂದ ಮೊಮ್ಮಗಳು ಕೂಗಿದಳು: “ಅಜ್ಜಿ, ಇನ್ನೊಂದು ಡಬ್ಬಿ ಬೇಕಂತೆ. ಪಕ್ಕದ ಸೆಕ್ಷನ್‌ನವರು ನಮಗೆ ಯಾಕೆ ಕೊಡಲಿಲ್ಲ ಅಂತ ಜಗಳಕ್ಕೆ ಬಂದಿದ್ದಾರೆ!”

ಅಜ್ಜಿ ಕುಂಬಳದ ಬೀಜ ಎಷ್ಟು ಉಳಿದಿದೆಯೆಂದು ನೋಡಲು ಒಳಗೆ ಹೋದಳು.