ಭಾನುವಾರದ ಗಂಜಿ

ಹಿಂದಿನ ಮೂರು ಸಂಚಿಕೆಗಳಲ್ಲಿ ಈ ಪುಟ ಕಾಣದೆ ಕೆಲವು ಗೆಳತಿಯರು ಫೋನ್ ಮಾಡಿ, "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಎಂದು ಕೇಳಿದರು. ಬಿಟ್ಟಿಲ್ಲ. 2025ರ ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಮಗಳ ಮನೆಯಲ್ಲಿದ್ದೆ. ವಿದೇಶಕ್ಕೆ ಹೋಗಿ ಬಂದವರು ಪ್ರವಾಸ ಕಥನ ಬರೆಯುವುದು ವಾಡಿಕೆ. ನಾನು ಹೋದದ್ದು ಗಂಜಿ ಕಾಯಿಸಲಿಕ್ಕೆ. ಆದ್ದರಿಂದ ಇದನ್ನು ಗಂಜಿಯ ಕಥನವೆಂದೇ ಓದಿಕೊಳ್ಳಿ.

ನನ್ನ ಮಗಳ ಕೆಳದವಡೆ ಚಿಕ್ಕಂದಿನಿಂದಲೂ ಸ್ವಲ್ಪ ಮುಂದೆ. ನಮ್ಮ ಅತ್ತೆಯವರದೂ ಹಾಗೇ ಇತ್ತು. "ಇದು ನಮ್ಮ ಮನೆತನದ ಗುರುತು" ಎಂದು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಮಗಳು ಹತ್ತನೇ ತರಗತಿಯಲ್ಲಿದ್ದಾಗ ಡೊಂಬಿವಲಿಯ ನಮ್ಮ ದಂತವೈದ್ಯರು, "ಬರೀ ಕ್ಲಿಪ್ ಹಾಕಿದರೆ ಸಾಲದು, ಬೆಳವಣಿಗೆ ಪೂರ್ತಿ ನಿಂತ ಮೇಲೆ ಆಪರೇಷನ್ ಮಾಡಿಸಿ" ಎಂದಿದ್ದರು. "ಆಪರೇಷನ್ನೇ? ಇದೇನು ಅಂಥ ಕಾಯಿಲೆ!" ಎಂದು ನಾನೇ ಆ ಮಾತನ್ನು ಅಲ್ಲಿಗೆ ಮುಗಿಸಿದೆ. ಆಮೇಲೆ ಗಂಡು ನೋಡಲು ಶುರು ಮಾಡಿ ಫೋಟೋ ತೆಗೆಸುವಾಗ, "ಬಾಯಿ ಮುಚ್ಚಿ ನಗು ಪುಟ್ಟಿ, ಚೆನ್ನಾಗಿ ಬರುತ್ತೆ" ಎಂದದ್ದೂ ನಾನೇ. ಕಾಯಿಲೆಯಲ್ಲ ಎಂದವಳೂ ನಾನು, ಮುಚ್ಚಿಕೋ ಎಂದವಳೂ ನಾನು.

ಅವಳು 2022ರಲ್ಲಿ ಎಂ.ಎಸ್. ಓದಲು ಮ್ಯೂನಿಕ್‌ಗೆ ಹೋದಳು. ಅಲ್ಲೇ ಕೆಲಸವೂ ಸಿಕ್ಕಿತು. ಅಲ್ಲಿಯ ನಿಯಮದ ಪ್ರಕಾರ ಹದಿನೆಂಟು ದಾಟಿದವರ ಹಲ್ಲಿನ ಕ್ಲಿಪ್ಪಿಗೆ ಸಾರ್ವಜನಿಕ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ದವಡೆಯ ದೋಷ ತೀವ್ರವಾಗಿದ್ದು ಶಸ್ತ್ರಚಿಕಿತ್ಸೆಯೂ ಬೇಕೆಂದಾದರೆ ಮಾತ್ರ ಕೊಡುತ್ತದೆ. ಇವಳದು ಆ ಲೆಕ್ಕಕ್ಕೆ ಸೇರಿತು. ಒಂದೂವರೆ ವರ್ಷ ಕ್ಲಿಪ್ ಹಾಕಿಸಿಕೊಂಡ ಮೇಲೆ ಫೋನ್ ಮಾಡಿ, "ಫೆಬ್ರವರಿಯಲ್ಲಿ ಆಪರೇಷನ್, ನೀನು ಬರ್ತೀಯಾ?" ಎಂದಳು. ನಾನು ಸುಮ್ಮನಿರಬೇಕೋ ಬೇಡವೋ! "ದೇವರು ಕೊಟ್ಟ ಮುಖ, ಚೆಂದಕ್ಕೋಸ್ಕರ ಯಾರಾದರೂ ಮೂಳೆ ಕೊಯ್ಸಿಕೊಳ್ತಾರಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು: "ಅಮ್ಮಾ, ನಾನು ಇವತ್ತಿನವರೆಗೂ ಒಂದು ದೋಸೇನ ಮುಂದಿನ ಹಲ್ಲಲ್ಲಿ ಕಚ್ಚಿಲ್ಲ. ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರೋದೇ ಇಲ್ಲ. ನಿನಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಉಣ್ಣಿಸಿದ ತಾಯಿಗೆ ಗೊತ್ತಿರಲಿಲ್ಲ! ಸೀಬೆಹಣ್ಣನ್ನು ಚೂರುಚೂರು ಮಾಡಿ ತಿನ್ನುವಾಗ, ಚಪಾತಿಯನ್ನು ಬೆರಳಲ್ಲೇ ಸಣ್ಣಗೆ ಹರಿದುಕೊಳ್ಳುವಾಗ, "ಏನೇ ಇದು, ಹಕ್ಕಿ ತಿಂದ ಹಾಗೆ" ಎಂದು ಬೈದದ್ದೆಲ್ಲ ನೆನಪಾಯಿತು. ಮರುದಿನವೇ ವೀಸಾದ ಕಾಗದಪತ್ರ ಹುಡುಕಲು ಕೂತೆ. ಅದು ತೊಂಬತ್ತು ದಿನಗಳ ವೀಸಾ. ಪೆಟ್ಟಿಗೆಯಲ್ಲಿ ರಾಗಿಹಿಟ್ಟು, ಹೆಸರುಬೇಳೆ, ಒಣಗಿಸಿದ ಬೇವಿನ ಹೂವು, ನಮ್ಮ ಮಿಕ್ಸಿ ಎಲ್ಲವೂ ಹೊರಟವು. ಅಲ್ಲೂ ನಮ್ಮ ಹಾಗೇ 230 ವೋಲ್ಟ್ ಕರೆಂಟು, ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು.

ಈ ಆಪರೇಷನ್ನಿನ ವಿಷಯ ನಾನು ಆಮೇಲೆ ಓದಿ ತಿಳಿದುಕೊಂಡೆ. ಫ್ರಾನ್ಸಿನ ರೆನೆ ಲ ಫೋರ್ ಎಂಬ ವೈದ್ಯ ಶವಗಳ ತಲೆಬುರುಡೆಗೆ ಪೆಟ್ಟು ಕೊಟ್ಟು, ಮುಖದ ಮೂಳೆಗಳು ಯಾವ ಯಾವ ಗೆರೆಯಲ್ಲಿ ಬಿರುಕು ಬಿಡುತ್ತವೆಂದು 1901ರಲ್ಲಿ ಬರೆದಿಟ್ಟ. ಮೇಲ್ದವಡೆಯನ್ನು ಬಿಡಿಸುವ ಇಂದಿನ ಕೊಯ್ತಕ್ಕೆ ಅವನದೇ ಹೆಸರು. ಕೆಳದವಡೆಯನ್ನು ಎರಡೂ ಬದಿಯಲ್ಲಿ ಉದ್ದಕ್ಕೆ ಸೀಳಿ ಸರಿಸುವ ವಿಧಾನ ಆಸ್ಟ್ರಿಯಾ ಮೂಲದ ಹ್ಯೂಗೋ ಓಬ್ವೇಗೆಸರ್‌ನದು. ಅದು ಪ್ರಕಟವಾದದ್ದು 1957ರಲ್ಲಿ. ಎಲ್ಲ ಕೊಯ್ತವೂ ಬಾಯಿಯ ಒಳಗಿನಿಂದಲೇ, ಹೊರಗೆ ಕಲೆ ಇಲ್ಲ. ಮಗಳಿಗೆ ಮೇಲಿನದನ್ನು 4 ಮಿಲಿಮೀಟರ್ ಮುಂದಕ್ಕೆ, ಕೆಳಗಿನದನ್ನು 5 ಮಿಲಿಮೀಟರ್ ಹಿಂದಕ್ಕೆ ಸರಿಸಿ, ಟೈಟೇನಿಯಂ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಿದರು. ಅಕ್ಕಿಕಾಳಿನಷ್ಟು ಅಂತರ. ಅದಕ್ಕೆ ನಾಲ್ಕು ಗಂಟೆ ಹಿಡಿಯಿತು.

ಐದು ದಿನ ಆಸ್ಪತ್ರೆ. ಕೈಯಿಂದ ಕೊಟ್ಟದ್ದು ದಿನಕ್ಕೆ 10 ಯೂರೋ. ಮೂರನೆಯ ದಿನ ಊತ ಏರಿತು ನೋಡಿ, ಅಯ್ಯೋ ರಾಮ! ಮುಖ ಕುಂಬಳಕಾಯಿ. ಕಣ್ಣಿನ ಕೆಳಗೆ ನೇರಳೆ ಬಣ್ಣ. ಹಲ್ಲುಗಳಿಗೆ ಮೇಲಿಂದ ಕೆಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು, ಬಾಯಿ ತೆರೆಯುವ ಹಾಗಿಲ್ಲ. ಮೂಗು ಸೀನುವಂತಿಲ್ಲ, ಸ್ಟ್ರಾದಲ್ಲಿ ಹೀರುವಂತಿಲ್ಲ, ಮಲಗುವಾಗ ತಲೆ ಎತ್ತರದಲ್ಲೇ ಇರಬೇಕು. ಮಾತಿನ ಬದಲು ಒಂದು ಪುಟ್ಟ ಬಿಳಿ ಹಲಗೆ, ಒಂದು ಪೆನ್ನು. ಆಶ್ಚರ್ಯವೆಂದರೆ, ಅವಳು ನನಗೆ ಕನ್ನಡದಲ್ಲಿ ಬರೆಯತೊಡಗಿದಳು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಅಳುತ್ತಾ ಹೋಗುತ್ತಿದ್ದ ಹುಡುಗಿ ಇವಳೇ. ನೀರು, ನೋವು, ದಿಂಬು. ಒತ್ತಕ್ಷರ ಬಂದಲ್ಲಿ ಮಾತ್ರ ಎಡವುತ್ತಿದ್ದಳು.

ಮನೆಗೆ ಬಂದ ದಿನ ಕನ್ನಡಿ ನೋಡಿಕೊಂಡು ಅತ್ತಳು. ಹಲಗೆಯ ಮೇಲೆ, "ಇದು ನಾನಲ್ಲ. ನೀನು ಹೇಳಿದ್ದೆ ಸರಿ" ಎಂದು ಬರೆದಳು. ನಿಜ ಹೇಳುತ್ತೇನೆ, "ನಾನು ಮೊದಲೇ ಹೇಳಲಿಲ್ವಾ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನದಲ್ಲಿ ಎಷ್ಟೋ ಸಲ ಆಡಿದ ಮಾತು, ತಾನಾಗಿ ಬರುತ್ತದೆ. ಅದನ್ನು ನುಂಗಿಕೊಂಡು ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ. "ನಾನು ಹೇಳಿದ್ದು ತಪ್ಪು. ಗಂಜಿ ಆರುತ್ತಿದೆ" ಎಂದು ಕೆಳಗೆ ಬರೆದೆ. ಎದುರೆದುರು ಆಡಲಾರದ ಮಾತು ಹಲಗೆಯ ಮೇಲೆ ಸುಲಭವಾಯಿತು.

ಗಂಜಿ ಎಂದರೆ ಬರೀ ಗಂಜಿಯಲ್ಲ. ಅನ್ನವೋ ಬೇಳೆಯೋ, ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಸಂದಿಯಿಂದ ಬಿಡಬೇಕು. ಒಂದು ಲೋಟಕ್ಕೆ ಮುಕ್ಕಾಲು ಗಂಟೆ. ಸಾಮಾನು ತರಲು ನಾನೊಬ್ಬಳೇ ಅಂಗಡಿಗೆ ಹೋಗುತ್ತಿದ್ದೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಅಲ್ಲಿ ಉಪಯೋಗಕ್ಕೆ ಬಂದದ್ದು ಮಜ್ಜಿಗೆ ಒಂದೇ. ಡಬ್ಬಿಯ ಮೇಲೆ "ಬುಟರ್‌ಮಿಲ್ಶ್" ಎಂದಿದ್ದದ್ದನ್ನು ಇಂಗ್ಲಿಷಿನ ಬಟರ್‌ಮಿಲ್ಕ್ ಎಂದು ಗುರುತು ಹಿಡಿದೆ. ರವೆಗೆ ಅವರು "ಗ್ರೀಸ್" ಎನ್ನುತ್ತಾರೆ. ಮುಂಬಯಿಯವರಿಗೆ ಗ್ರೀಸ್ ಎಂದರೆ ಏನು ನೆನಪಾಗುತ್ತದೆ ಹೇಳಿ! ಮೂರು ದಿನ ರವೆಯ ಮುಂದೆಯೇ ನಿಂತು ರವೆ ಹುಡುಕಿದೆ.

ಮೊದಲ ಭಾನುವಾರ ಬೆಳಗ್ಗೆ ಎಂಟಕ್ಕೆ ಮಿಕ್ಸಿ ಹಾಕಿದೆ. ನಮ್ಮ ಮಿಕ್ಸಿಯ ಸದ್ದು ನಿಮಗೆ ಗೊತ್ತಲ್ಲ, ಮಂಗಳೂರಿನ ವಿಮಾನ ಇಳಿದ ಹಾಗೆ. ಎರಡು ನಿಮಿಷಕ್ಕೆ ಬಾಗಿಲ ಗಂಟೆ. ಕೆಳಗಿನ ಮನೆಯ ಅಜ್ಜಿ, ಎಂಬತ್ತರ ಹತ್ತಿರದ ವಯಸ್ಸು, ಜರ್ಮನ್‌ನಲ್ಲಿ ಏನೋ ಹೇಳುತ್ತಿದ್ದಾರೆ, ಧ್ವನಿ ಗಡುಸು. ಅಲ್ಲಿ ಭಾನುವಾರವೆಂದರೆ ಮೌನದ ದಿನ. ಅಂಗಡಿಗಳು ಮುಚ್ಚಿರುತ್ತವೆ, ಮನೆಯಲ್ಲಿ ಗದ್ದಲದ ಕೆಲಸ ಮಾಡಬಾರದು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೂ ಅದೇ ನಿಯಮ. ನನಗೆ ಭಾಷೆ ಬಾರದು, ಮಗಳಿಗೆ ಬಾಯಿ ಬಾರದು. ಅವಳು ಹಲಗೆ ಹಿಡಿದು ಬಾಗಿಲಿಗೆ ಬಂದಳು. ಆ ಮುಖ ನೋಡಿ ಅಜ್ಜಿ ಗಾಬರಿಯಾಗಿ ನನ್ನತ್ತ ಒಂದು ನೋಟ ನೋಡಿದರು. ನಾನೇ ಹೊಡೆದೆನೆಂದುಕೊಂಡರೋ ಏನೋ! ಮಗಳು "ದವಡೆ ಆಪರೇಷನ್" ಎಂದು ಅವರ ಭಾಷೆಯಲ್ಲಿ ಬರೆದು ತೋರಿಸಿದಳು. ಅಜ್ಜಿ ಹಲಗೆಯನ್ನು ಎರಡು ಸಲ ಓದಿ, ಏನೂ ಹೇಳದೆ ಇಳಿದು ಹೋದರು.

ಅರ್ಧ ಗಂಟೆಯಲ್ಲಿ ಮತ್ತೆ ಗಂಟೆ. ಅಜ್ಜಿಯ ಕೈಯಲ್ಲಿ ಒಂದು ಪಾತ್ರೆ. ತಳದಲ್ಲಿ ತೂತುಗಳು, ಮೇಲೆ ತಿರುಗಿಸುವ ಹಿಡಿ. ಅವರ ಕಡೆ ಹಳೆಯ ಮನೆಗಳಲ್ಲಿ ಇರುವ ಸಾಮಾನಂತೆ, "ಫ್ಲೋಟ್ಟೆ ಲೋಟ್ಟೆ" ಎಂದು ಹೆಸರು. ಬೆಂದದ್ದನ್ನು ಹಾಕಿ ಕೈಯಲ್ಲಿ ತಿರುಗಿಸಿದರೆ ನುಣ್ಣಗಾಗಿ ಕೆಳಗೆ ಬೀಳುತ್ತದೆ. ಸದ್ದು ಸುತರಾಂ ಇಲ್ಲ. ಅಜ್ಜಿಯೇ ಒಳಗೆ ಬಂದು, ನಮ್ಮ ಹೆಸರುಬೇಳೆ ಹಾಕಿ ತಿರುಗಿಸಿ ತೋರಿಸಿ, ಒಂದು ಚಮಚ ರುಚಿ ನೋಡಿ ತಲೆಯಾಡಿಸಿದರು. ಅಂದಿನಿಂದ ಭಾನುವಾರದ ಗಂಜಿಗೆ ಅದೇ. ಮೂರು ವರ್ಷದಿಂದ ಮೆಟ್ಟಿಲಲ್ಲಿ ಬರೀ ನಮಸ್ಕಾರ ಹೇಳಿಕೊಂಡು ಓಡಾಡುತ್ತಿದ್ದ ಮಗಳಿಗೆ ಆ ಕಟ್ಟಡದಲ್ಲಿ ಒಂದು ಮನೆಯ ಬಾಗಿಲು ತೆರೆದದ್ದು ಬಾಯಿ ಮುಚ್ಚಿದ್ದಾಗ.

ಎರಡು ವಾರಕ್ಕೆ ರಬ್ಬರ್ ಬ್ಯಾಂಡ್ ಸಡಿಲವಾಯಿತು. ಆದರೆ ಕೆಳತುಟಿ, ಗದ್ದ ಮರಗಟ್ಟಿದ್ದವು. ಆ ಭಾಗಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯ ಒಳಗೇ ಹಾದುಹೋಗುತ್ತದಂತೆ. ಮೂಳೆ ಸೀಳುವಾಗ ಅದಕ್ಕೆ ಜಗ್ಗಾಟ. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ಸ್ವಲ್ಪ ಹಾಗೇ ಉಳಿಯುವುದೂ ಉಂಟು. ಗಂಜಿ ಗದ್ದದ ಮೇಲೆ ಇಳಿದರೂ ಅವಳಿಗೆ ತಿಳಿಯದು. ಪ, ಬ, ಮ ಹೇಳಲು ಎರಡು ತುಟಿ ಕೂಡಬೇಕಲ್ಲ, ಅವೇ ಬರಲೊಲ್ಲವು. ನಾನು ಒರೆಸುವ ಬಟ್ಟೆ ಹಿಡಿದು ಎದುರು ಕೂತು ಪಫಬಭಮ ಹೇಳಿಸಿದೆ. ಸಂಜೆ ಅವಳ ಜರ್ಮನ್ ಪಾಠ. ಅದರಲ್ಲಿ ತುಟಿ ಸುತ್ತಿಸಿ ಹೇಳುವ ಒಂದು ಸ್ವರವಿದೆ, ನಮ್ಮ "ಉ" ಅಲ್ಲ, "ಇ" ಅಲ್ಲ, ಎರಡರ ನಡುವಿನದು. "ಆಪರೇಷನ್ನಿಗೆ ಮುಂಚೆಯೂ ಇದು ಬರ್ತಿರಲಿಲ್ಲ ಬಿಡಮ್ಮ" ಎಂದು ಅರೆಬಾಯಲ್ಲಿ ನಕ್ಕಳು.

ಆ ನಗು ನೋಡಿ ನನ್ನದೇ ನೆನಪಾಯಿತು. 1993ರಲ್ಲಿ ಮದುವೆಯಾಗಿ ಶಿವಮೊಗ್ಗದಿಂದ ಡೊಂಬಿವಲಿಗೆ ಬಂದಾಗ ಮರಾಠಿ ಒಂದಕ್ಷರ ಬಾರದು, ಹಿಂದಿ ಪುಸ್ತಕದ್ದು. ತರಕಾರಿಯವಳ ಮುಂದೆ ಬೆರಳು ತೋರಿಸಿ, ಅವಳು ಕೊಟ್ಟಷ್ಟು ಚಿಲ್ಲರೆ ತೆಗೆದುಕೊಂಡು ಬರುತ್ತಿದ್ದೆ. ಒಂದು ವರ್ಷ ನನ್ನ ತುಟಿಯೂ ಮರಗಟ್ಟಿತ್ತೆನ್ನಿ. ಅದು ಯಾವ ದಿನ ಬಿಟ್ಟಿತೆಂದು ಈಗ ಹೇಳಲಾರೆ. ಒಂದು ದಿನ ಅದೇ ತರಕಾರಿಯವಳ ಜೊತೆ ನಾಲ್ಕಾಣೆಗೆ ಜಗಳವಾಡುತ್ತಿದ್ದೆ, ಮರಾಠಿಯಲ್ಲಿ. ಈ ಕಥೆಯನ್ನು ಮಗಳಿಗೆ ಮೊದಲ ಬಾರಿಗೆ ಹೇಳಿದೆ. ನಾನು ಮುಂಬಯಿಯಲ್ಲೇ ಹುಟ್ಟಿದವಳೆಂಬ ಹಾಗೆ ಅವಳು ಭಾವಿಸಿದ್ದಳು.

ಮಾರ್ಚಿನ ಒಂದು ಭಾನುವಾರ ಆಲ್ಟೆ ಪಿನಾಕೊಟೆಕ್ ಎಂಬ ಚಿತ್ರಶಾಲೆಗೆ ಹೋದೆವು. ಆಗ ಭಾನುವಾರ ಅಲ್ಲಿ ಟಿಕೆಟ್ಟಿಗೆ 1 ಯೂರೋ ಇತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಕುರ್ಚಿಯಲ್ಲಿ ಕೂತ 1548ರ ಚಿತ್ರ ಅಲ್ಲಿದೆ, ಟಿಶಿಯನ್‌ನದೆಂದು ಪ್ರಸಿದ್ಧ. ಹ್ಯಾಬ್ಸ್‌ಬರ್ಗ್ ವಂಶದವರ ಮುಂಚಾಚಿದ ದವಡೆ ಇತಿಹಾಸದಲ್ಲೇ ಹೆಸರಾದದ್ದು. ಅರ್ಧ ಯೂರೋಪ್ ಆಳಿದವನಿಗೂ ಮೇಲಿನ ಹಲ್ಲು, ಕೆಳಗಿನ ಹಲ್ಲು ಕೂಡುತ್ತಿರಲಿಲ್ಲ, ಮಾತು ತಡವರಿಸುತ್ತಿತ್ತು ಎಂದು ಅವನನ್ನು ಕಂಡವರು ಬರೆದಿದ್ದಾರೆ. ಮಗಳು ಬಹಳ ಹೊತ್ತು ನೋಡಿ, "ಗಡ್ಡ ಬಿಟ್ಟು ಮುಚ್ಚಿಕೊಂಡಿದ್ದಾನೆ ಅಮ್ಮಾ" ಎಂದಳು. ನಾನು ಮಾತಾಡಲಿಲ್ಲ. ಅವಳ ಹೊಸ ಗದ್ದದಲ್ಲಿ ಅತ್ತೆಯವರು ಕಾಣುವುದಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದೆ. ಆ ಚಿತ್ರದ ಮುಂದೆ, ಅತ್ತೆಯವರೂ ಚಕ್ಕುಲಿಯನ್ನು ಒರಳಿನಲ್ಲಿ ಕುಟ್ಟಿ ಪುಡಿ ಮಾಡಿಕೊಂಡೇ ತಿನ್ನುತ್ತಿದ್ದರೆಂಬುದು ಹೊಳೆಯಿತು. ಅವರನ್ನೂ ಯಾರೂ ಕೇಳಿರಲಿಲ್ಲ.

ಯುಗಾದಿ ಮಾರ್ಚ್ 30ಕ್ಕೆ, ಅದೂ ಭಾನುವಾರ. ಹೂರಣವನ್ನು ಶನಿವಾರ ಸಂಜೆಯೇ ರುಬ್ಬಿಟ್ಟೆ, ಬುದ್ಧಿ ಬಂದಿತ್ತು ನೋಡಿ. ಅದೇ ಬೆಳಗಿನ ಜಾವ ಎರಡು ಗಂಟೆಗೆ ಅಲ್ಲಿಯ ಗಡಿಯಾರಗಳನ್ನು ಬೇಸಿಗೆಗಾಗಿ ಒಂದು ಗಂಟೆ ಮುಂದಕ್ಕೆ ಇಟ್ಟರು. ಊರಿಗೂ ಮಗಳ ಮನೆಗೂ ಇದ್ದ ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿಯಿತು. ಮೆತ್ತಗಿನದನ್ನು ಅಗಿಯಬಹುದೆಂದು ಡಾಕ್ಟರು ಹೇಳಿ ಹತ್ತು ದಿನವಾಗಿತ್ತು. ಬೇವು ಬೆಲ್ಲ ಕೊಟ್ಟ ಮೇಲೆ ಹೋಳಿಗೆ ಬಡಿಸಿದೆ. ಅಭ್ಯಾಸ ಬಲದಿಂದ ಚೂರು ಹರಿಯಲು ಹೋದವಳು ನಿಂತಳು. ಇಡೀ ಹೋಳಿಗೆ ಮಡಿಸಿ ಹಿಡಿದು ಅಂಚನ್ನು ಮುಂದಿನ ಹಲ್ಲಿನಿಂದ ಮೆಲ್ಲಗೆ ಕಚ್ಚಿದಳು. ಹೋಳಿಗೆಯ ಮೇಲೆ ಅರ್ಧಚಂದ್ರದ ಗುರುತು. ಅದರ ಫೋಟೋ ತೆಗೆದು ಅವರಪ್ಪನಿಗೆ ಕಳಿಸಿದಳು. "ಯಾರೋ ಕಚ್ಚಿದ ಹೋಳಿಗೆ ಯಾಕೆ ಕಳಿಸಿದ್ದೀಯಾ?" ಎಂದು ನಮ್ಮ ಮನೆಯವರು ಫೋನ್ ಮಾಡಿದರು. ಅವರಿಗೆ ಬಿಡಿಸಿ ಹೇಳಲು ಹೋಗಿ ನನಗೇ ಗಂಟಲು ಕಟ್ಟಿತು. ಎರಡು ಹೋಳಿಗೆ ಕೆಳಗಿನ ಅಜ್ಜಿಗೆ ಹೋದವು.

ಈಗ ಕ್ಲಿಪ್ ಇನ್ನೂ ಕೆಲವು ತಿಂಗಳು ಇರಬೇಕು. ತುಟಿಯ ಎಡಮೂಲೆಗೆ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಜರ್ಮನ್‌ನ ಆ ಸ್ವರವೂ ಬಂದಿಲ್ಲವಂತೆ. ಎರಡೂ ಬರುತ್ತವೆ ಎಂದಿದ್ದೇನೆ.

ಮನೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಒಂದು ಕೆಲಸ ಮಾಡಿ. ಇಡೀ ಸೀಬೆಹಣ್ಣು ಕೈಗೆ ಕೊಟ್ಟು, ಕಚ್ಚಿ ತಿನ್ನಲು ಹೇಳಿ ನೋಡಿ. ಚೂರು ಮಾಡಿ ಕೊಡು ಎಂದು ದಿನವೂ ಹಟ ಹಿಡಿದರೆ ಬೈಯುವ ಮೊದಲು ಯಾಕೆಂದು ಕೇಳಿ, ದಂತವೈದ್ಯರಿಗೆ ತೋರಿಸಿ.