ತುಟಿ ಜುಮ್ಮೆಂದರೆ ಕಾಯಬೇಡಿ

‘ಬಳಚಿನ ಸುಕ್ಕ ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಅದು ಖಾರಕ್ಕಾ, ಗ್ಯಾಸ್ಟ್ರಿಕ್‌ಗಾ, ಟೆನ್ಶನ್‌ಗಾ?’ ಕರಾವಳಿಯಿಂದ ಬೆಂಗಳೂರಿಗೆ ಬಂದು ದುಡಿಯುತ್ತಿರುವ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಮೂರೂ ಅಲ್ಲದ ನಾಲ್ಕನೇ ಕಾರಣವೊಂದಿದೆ. ಅಪರೂಪದ್ದು, ಆದರೆ ಜೀವಕ್ಕೆ ಸಂಬಂಧಿಸಿದ್ದು. ಅದು ಅರ್ಥವಾಗಬೇಕಾದರೆ ನಮ್ಮ ಮೈಯೊಳಗೆ ಸುದ್ದಿ ಹೇಗೆ ಓಡಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ನರ್ಸಿಂಗ್ ಮಕ್ಕಳಿಗೆ ನಾನು ವರ್ಷವೂ ಮಾಡುವ ಪಾಠವೇ ಇದು. ಇವತ್ತು ಅದನ್ನು ನಮ್ಮೂರ ಅಡುಗೆಮನೆಯಿಂದ ಶುರು ಮಾಡೋಣ.

ನಮ್ಮೂರು ಕುಮಟಾ ತಾಲ್ಲೂಕಿನ ಹಿರೇಗುತ್ತಿ. ಈ ಕಡೆ ಅಘನಾಶಿನಿ, ಆ ಕಡೆ ಗಂಗಾವಳಿ. ಉಪ್ಪುನೀರು ಬಂದುಹೋಗುವ ಗಜನಿ ಗದ್ದೆ, ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಆರಿಸುವ ಜನ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಆ ಅಳಿವೆ ಸುತ್ತಲಿನ ಊರುಗಳ ಹೊಟ್ಟೆ ತುಂಬಿಸಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದು ಬಳಚು ಬಿಡಿ ಎನ್ನುವ ಬರಹವಲ್ಲ. ನಾನೂ ಬಿಟ್ಟಿಲ್ಲ.

ನರವೆಂಬ ತಂತಿ

ನೀವೀಗ ಫೋನಿನ ಪರದೆ ಮೇಲೆ ಬೆರಳು ಸರಿಸಿದಿರಿ. ಮಿದುಳಿನಿಂದ ಹೊರಟ ಅಪ್ಪಣೆ ಬೆನ್ನುಹುರಿಗೆ ಇಳಿದು, ಅಲ್ಲಿಂದ ಕೈಯ ನರ ಹಿಡಿದು ಬೆರಳಿಗೆ ಬಂತು. ಕೈಯ ನರಗಳಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್. ಅಂದರೆ ಗಂಟೆಗೆ 200 ಕಿಲೋಮೀಟರ್ ಹತ್ತಿರ. ನಮ್ಮ ಹೆದ್ದಾರಿಯ ಯಾವ ಬಸ್ಸೂ ಇಷ್ಟು ಜೋರಾಗಿ ಓಡುವುದಿಲ್ಲ, ಪುಣ್ಯ!

ನರ ತಾಮ್ರದ ತಂತಿಯಲ್ಲ. ಅದೊಂದು ಉದ್ದನೆಯ ಜೀವಕೋಶ. ಅದರ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಒಳಗೂ ಹೊರಗೂ ನಡುವೆ 70 ಮಿಲಿವೋಲ್ಟ್‌ನಷ್ಟು ವಿದ್ಯುತ್ತಿನ ವ್ಯತ್ಯಾಸ. ಟಿವಿ ರಿಮೋಟಿನ ಒಂದು ಸೆಲ್ಲಿನ ಇಪ್ಪತ್ತರ ಒಂದು ಪಾಲು ಎನ್ನಿ. ನರದ ಪೊರೆಯಲ್ಲಿ ಸೋಡಿಯಂಗೆಂದೇ ಮೀಸಲಾದ ಪುಟ್ಟ ಬಾಗಿಲುಗಳಿವೆ. ಅಪ್ಪಣೆ ಬಂದಾಗ ಒಂದು ಬಾಗಿಲು ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಅಲ್ಲಿನ ವಿದ್ಯುತ್ತು ಬದಲಾಗುತ್ತದೆ. ಅದನ್ನು ಕಂಡು ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಒಂದೊಂದು ಬಾಗಿಲು ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು. ಗಜನಿಯ ತೂಬು ಒಂದಾದಮೇಲೊಂದು ತೆಗೆದ ಹಾಗೆ.

ಇದನ್ನು ಕಂಡುಕೊಟ್ಟಿದ್ದು ನಮ್ಮ ಮೀನು ಮಾರ್ಕೆಟ್ಟಿನಲ್ಲೂ ಸಿಗುವ ಬೊಂಡಾಸ! ಬೊಂಡಾಸದ ಮೈಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ದಪ್ಪದ ನರತಂತು ಇರುತ್ತದೆ. ಅದರೊಳಗೆ ತಂತಿ ತೂರಿಸಿ ಅಳತೆ ಮಾಡಿದ ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸೋಡಿಯಂ ಲೆಕ್ಕವನ್ನು ಬಿಡಿಸಿಟ್ಟರು. 1963ರಲ್ಲಿ ಅವರಿಗೆ ನೊಬೆಲ್ ಬಂತು.

ತಂತಿ ಮುಗಿದಲ್ಲಿ

ನರದ ತುದಿ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಸಂದು ಇದೆ, ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು. ವಿದ್ಯುತ್ತು ಅದನ್ನು ದಾಟುವುದಿಲ್ಲ. ಹಾಗಾಗಿ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಚೆಲ್ಲುತ್ತದೆ. ಅದು ಆಚೆ ದಡ ಮುಟ್ಟಿ ಸ್ನಾಯುವನ್ನು ತಟ್ಟುತ್ತದೆ. ಸ್ನಾಯುವಿನೊಳಗೆ ಚೀಲದಲ್ಲಿ ಕಟ್ಟಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತದೆ. ಆಗ ಸ್ನಾಯುವಿನ ಎರಡು ಬಗೆಯ ಎಳೆಗಳು ಒಂದರೊಳಗೊಂದು ಜಾರುತ್ತವೆ, ಸ್ನಾಯು ಗಿಡ್ಡವಾಗುತ್ತದೆ, ಬೆರಳು ಮಡಚುತ್ತದೆ. ಚೆಲ್ಲಿದ ಅಸಿಟೈಲ್‌ಕೋಲಿನ್ನನ್ನು ಗುಡಿಸಿ ಸಾಫು ಮಾಡಲು ಅಲ್ಲೇ ಒಂದು ಕಿಣ್ವ ಕಾದಿರುತ್ತದೆ. ಇಲ್ಲದಿದ್ದರೆ ಮಡಚಿದ ಬೆರಳು ಸಲೀಸಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ.

ಈ ದಾರಿ ಎಲ್ಲಿ ಕಡಿದರೂ ಕೆಲಸ ಕೆಡುತ್ತದೆ. ನಾಗರಹಾವಿನ ವಿಷ ಸಂದಿನ ಆಚೆ ದಡದಲ್ಲಿ ಅಡ್ಡ ಕೂರುತ್ತದೆ. ಕಟ್ಟುಹಾವಿನದು ನರದ ತುದಿಯನ್ನೇ ಹಾಳುಗೆಡವುತ್ತದೆ. ಕೆಲವು ಕೀಟನಾಶಕಗಳು ಗುಡಿಸುವ ಕಿಣ್ವವನ್ನು ಕೆಡಿಸುತ್ತವೆ. ಇನ್ನು ಬಳಚಿನ ವಿಷ? ಅದು ಸಂದಿಗೆ ಬರುವ ಮೊದಲೇ, ತಂತಿಯಲ್ಲೇ, ಸೋಡಿಯಂ ಬಾಗಿಲಿನ ಬಾಯಿಗೆ ಬಿರಡೆ ಹಾಕುತ್ತದೆ.

ಕುಂಬಳೆ, 1983

ಈ ವಿಷ ಬಳಚಿನದ್ದಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಯಂಥ ಏಕಕೋಶ ಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಒಮ್ಮೊಮ್ಮೆ ಅವು ಒಟ್ಟೊಟ್ಟಿಗೆ ಹೆಚ್ಚಿಬಿಡುತ್ತವೆ. ಬಳಚು ನೀರು ಸೋಸಿ ಬದುಕುವ ಪ್ರಾಣಿ. ಸೋಸಿದ್ದೆಲ್ಲ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಹಾಗಂತ ಬಳಚು ಸಾಯುವುದಿಲ್ಲ, ನಾರುವುದಿಲ್ಲ, ಬಣ್ಣ ಬದಲಾಯಿಸುವುದಿಲ್ಲ. ತಾಜಾ ಬಳಚೂ ವಿಷದ ಬಳಚೂ ನೋಡಲು ಒಂದೇ.

ನಮ್ಮ ಕರಾವಳಿಯಲ್ಲೇ ಇದು ಆಗಿದೆ. 1983ರ ಏಪ್ರಿಲ್‌ನಲ್ಲಿ ಮಂಗಳೂರಿನ ದಕ್ಷಿಣಕ್ಕೆ, ಇವತ್ತಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಅಳಿವೆಯಲ್ಲಿ ಆರಿಸಿದ ಚಿಪ್ಪು ತಿಂದವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ನಮ್ಮಲ್ಲಿ ಬಳಚು, ಅಲ್ಲಿ ಮರುವಾಯಿ. ಹೆಸರು ಬೇರೆ, ತಿನ್ನುವ ಪ್ರೀತಿ ಒಂದೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1997ರಲ್ಲಿ ಕೇರಳದ ವಿಳಿಞ್ಞಂನಲ್ಲಿ ನೀಲಿಕಲ್ಲು ತಿಂದು ಏಳು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು.

ಊರಿಗೆ ಹೋದಾಗ ಇದನ್ನೆಲ್ಲ ಆಯಿಗೆ ಹೇಳಿದರೆ, ‘ಚೆನ್ನಾಗಿ ಬೇಯಿಸಿದ್ರೆ ಎಂತ ಆಗೂದಿಲ್ಲ’ ಅನ್ನುತ್ತಾಳೆ. ರೋಗಾಣುಗಳ ವಿಷಯದಲ್ಲಿ ಆಯಿ ಹೇಳುವುದು ನೂರಕ್ಕೆ ನೂರು ಸರಿ. ಆದರೆ ಸ್ಯಾಕ್ಸಿಟಾಕ್ಸಿನ್ ರೋಗಾಣು ಅಲ್ಲ. ಕುದಿಸಿದರೂ ಹುರಿದರೂ ಫ್ರಿಜ್ಜಿನಲ್ಲಿಟ್ಟರೂ ಅದು ಹೋಗುವುದಿಲ್ಲ. ವಿಷ ಸಾರಿಗೂ ಇಳಿಯುತ್ತದೆ. ಒಂದು ಕಿಲೋ ಚಿಪ್ಪುಮಾಂಸದಲ್ಲಿ 0.8 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಎಂಬುದು ಅಂತರರಾಷ್ಟ್ರೀಯ ಮಿತಿ. ಅಷ್ಟು ಸಣ್ಣ ಪ್ರಮಾಣವನ್ನು ಪ್ರಯೋಗಾಲಯ ಹಿಡಿಯಬಹುದು, ನಾಲಿಗೆ ಹಿಡಿಯುವುದಿಲ್ಲ.

ಬಾಗಿಲಿಗೆ ಬಿರಡೆ ಬಿದ್ದಾಗ

ಸಾಮಾನ್ಯವಾಗಿ ತಿಂದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ತುಟಿ, ನಾಲಿಗೆ, ಮುಖ ಜುಮುಜುಮು ಅನ್ನುತ್ತದೆ. ಆಮೇಲೆ ಬೆರಳ ತುದಿ. ಜುಮ್ಮು ಹೋಗಿ ಜೋಮು ಬರುತ್ತದೆ. ವಿಷ ಹೆಚ್ಚಾಗಿ ಒಳಗೆ ಹೋಗಿದ್ದರೆ ಮಾತು ತೊದಲುತ್ತದೆ, ಕೈಕಾಲಿನ ಶಕ್ತಿ ಕುಂದುತ್ತದೆ, ನಡೆದರೆ ತೂರಾಡುವ ಹಾಗಾಗುತ್ತದೆ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳಬಹುದು. ಆದರೆ ಸಾಮಾನ್ಯವಾಗಿ ಎಚ್ಚರ ತಪ್ಪಿರುವುದಿಲ್ಲ. ಎಲ್ಲ ಗೊತ್ತಾಗುತ್ತಿರುತ್ತದೆ, ಕೈ ಎತ್ತು ಅಂದರೆ ಕೈ ಮಾತ್ರ ಕೇಳುವುದಿಲ್ಲ.

ಹೃದಯಕ್ಕೆ ಅದರದ್ದೇ ತಾಳ ಇದೆ, ನರದ ಅಪ್ಪಣೆ ಇಲ್ಲದೆಯೂ ಬಡಿಯುತ್ತದೆ. ಅದರ ಸೋಡಿಯಂ ಬಾಗಿಲಿನ ಆಕಾರವೂ ತುಸು ಬೇರೆ, ಈ ಬಿರಡೆ ಅಲ್ಲಿ ಸುಲಭಕ್ಕೆ ಕೂರುವುದಿಲ್ಲ. ಉಸಿರಿನ ಕತೆ ಹಾಗಲ್ಲ. ಶ್ವಾಸಕೋಶಕ್ಕೆ ತನ್ನದೇ ಸ್ನಾಯುಬಲ ಇಲ್ಲ. ಎದೆಗೂಡಿನ ಕೆಳಗಿರುವ ವಪೆ ಎಂಬ ಸ್ನಾಯು ಪ್ರತಿ ಉಸಿರಿಗೂ ನರದ ಅಪ್ಪಣೆ ಕಾಯುತ್ತದೆ. ಆ ಅಪ್ಪಣೆ ತಲುಪದಿದ್ದರೆ ಉಸಿರು ನಿಲ್ಲುತ್ತದೆ. ಈ ವಿಷ ಕೊಲ್ಲುವುದು ಹೀಗೆ.

ಇನ್ನೊಂದು ಬಗೆಯ ಸುದ್ದಿ

‘ಟೆನ್ಶನ್‌ಗೂ ತುಟಿ ಜುಮ್ಮೆನ್ನುತ್ತದಲ್ಲ?’ ಹೌದು, ಅದಕ್ಕೇ ಗೊಂದಲ.

ಮೈಯಲ್ಲಿ ಸುದ್ದಿ ಹೋಗಲು ಎರಡು ದಾರಿ. ನರ ಅಂದರೆ ಫೋನ್ ಕರೆ. ಒಬ್ಬರಿಗೇ, ತಕ್ಷಣ, ಕ್ಷಣಕ್ಕೆ ಮುಗಿಯುವಂಥದ್ದು. ಹಾರ್ಮೋನ್ ಅಂದರೆ ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ಊರೆಲ್ಲ ಸಾರುತ್ತಾ ಹೋದ ಹಾಗೆ. ರಕ್ತ ಹರಿದಲ್ಲೆಲ್ಲ ಹೋಗುತ್ತದೆ, ಕೇಳಿಸಿಕೊಳ್ಳುವ ಕಿವಿ ಇದ್ದ ಅಂಗ ಕೇಳಿಸಿಕೊಳ್ಳುತ್ತದೆ. ಗದ್ದೆ ಬದುವಿನಲ್ಲಿ ಹಾವು ಕಂಡರೆ ಕಾಲು ಹಿಂದಕ್ಕೆ ಹಾರುವುದು ನರದ ಕೆಲಸ. ಅಷ್ಟರಲ್ಲಿ ಕಿಡ್ನಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗೂ ನರ ಸುದ್ದಿ ಮುಟ್ಟಿಸಿರುತ್ತದೆ, ಅದು ಅಡ್ರಿನಲಿನ್ ಅನ್ನು ರಕ್ತಕ್ಕೆ ಬಿಡುತ್ತದೆ. ಹಾವಲ್ಲ, ಹಗ್ಗ ಅಂತ ಗೊತ್ತಾದ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದಲ್ಲ? ರಿಕ್ಷಾ ಇನ್ನೂ ಊರು ಸುತ್ತುತ್ತಿದೆ ಅಂತ ಅರ್ಥ. ಕೆಲವು ನಿಮಿಷದಲ್ಲಿ ಅಡ್ರಿನಲಿನ್ ಕರಗುತ್ತದೆ, ಎದೆ ಇಳಿಯುತ್ತದೆ.

ಗಾಬರಿಯಲ್ಲಿ ನಾವು ಜೋರಾಗಿ, ಬೇಗಬೇಗ ಉಸಿರಾಡುತ್ತೇವೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ತಗ್ಗುತ್ತದೆ. ಆಗ ನರದ ಬಾಗಿಲುಗಳು ಸಣ್ಣ ನೆಪಕ್ಕೂ ತೆರೆದುಕೊಳ್ಳುತ್ತವೆ, ತುಟಿ ಬೆರಳು ಜುಮ್ಮೆನ್ನುತ್ತವೆ. ಆಫೀಸಿನ ಒತ್ತಡದಲ್ಲಿ ಪ್ಯಾನಿಕ್ ಆದವರಿಗೆ ಇದು ಗೊತ್ತು. ಅಂದರೆ ಬಾಗಿಲು ಅತಿಯಾಗಿ ತೆರೆದರೂ ಜುಮ್ಮು, ಬಾಗಿಲಿಗೆ ಬಿರಡೆ ಬಿದ್ದರೂ ಜುಮ್ಮು. ಕಾರಣ ತದ್ವಿರುದ್ಧ, ತುಟಿಗೆ ಅನಿಸುವುದು ಒಂದೇ.

ಗಾಬರಿಯ ಜುಮ್ಮು ಉಸಿರು ನಿಧಾನವಾದಂತೆ ಇಳಿಯುತ್ತದೆ. ವಿಷದ್ದು ಏರುತ್ತಾ ಹೋಗುತ್ತದೆ, ಶಕ್ತಿ ಕುಂದಿಸುತ್ತದೆ. ಆದರೆ ಮನೆಯಲ್ಲಿ ಕೂತು ಇಳಿಯುತ್ತದಾ ಏರುತ್ತದಾ ಅಂತ ಪರೀಕ್ಷೆ ಮಾಡಬೇಡಿ. ಚಿಪ್ಪು ತಿಂದ ಕೆಲ ಗಂಟೆಯೊಳಗೆ ಜುಮ್ಮು ಬಂದರೆ ಆಸ್ಪತ್ರೆಗೆ ಹೊರಡಿ. ಅಲರ್ಜಿಯಾಗಿ ತುಟಿ ಊದಿಕೊಂಡಿದ್ದರೂ ಹೋಗಬೇಕಾದ್ದು ಅಲ್ಲಿಗೇ.

ಬೇಕಾದದ್ದು ಉಸಿರು

ಈ ವಿಷಕ್ಕೆ ಪ್ರತಿವಿಷ ಇಲ್ಲ. ಆದರೂ ಇದು ಆಶೆಯ ಕತೆಯೇ. ಯಾಕೆಂದರೆ ಬಿರಡೆ ಶಾಶ್ವತವಲ್ಲ. ಅದು ಬಾಗಿಲಿನಿಂದ ಕಳಚಿಕೊಳ್ಳುತ್ತದೆ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ನರ ಸತ್ತಿರುವುದಿಲ್ಲ, ಸ್ನಾಯು ಕೆಟ್ಟಿರುವುದಿಲ್ಲ. ಮೊದಲ 12 ಗಂಟೆ ನಿರ್ಣಾಯಕ. ಒಂದು ದಿನ ದಾಟಿದವರು ಸಾಮಾನ್ಯವಾಗಿ ಪೂರ್ತಿ ಸುಧಾರಿಸುತ್ತಾರೆ. ಅಲ್ಲಿಯವರೆಗೆ ಆ ಮನುಷ್ಯನ ಪರವಾಗಿ ಯಾರಾದರೂ ಉಸಿರಾಡಿಸಬೇಕು, ಅಷ್ಟೇ. ಆಸ್ಪತ್ರೆಯಲ್ಲಿ ವೆಂಟಿಲೇಟರ್, ಆಂಬುಲೆನ್ಸಿನಲ್ಲಿ ಕೈಯಲ್ಲಿ ಒತ್ತುವ ಉಸಿರಿನ ಚೀಲ. ಎರಡೂ ಇಲ್ಲದ ಕಡೆ ಉಸಿರು ನಿಂತೇಬಿಟ್ಟರೆ ಬಾಯಿಗೆ ಬಾಯಿಟ್ಟು ಊದುವುದು.

ಇಲ್ಲೇ ನನ್ನ ಆತಂಕ ಇರುವುದು. ಸೀರಿಯಸ್ ಅಂದರೆ ಮಂಗಳೂರು, ಮಣಿಪಾಲ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಹುಡುಗರು 2022ರಲ್ಲಿ ಸೋಷಿಯಲ್ ಮೀಡಿಯಾ ತುಂಬ ಕೂಗಿದ್ದು ನಿಮಗೂ ನೆನಪಿರಬಹುದು. ರಸ್ತೆಯಲ್ಲಿ ಕಳೆಯುವ ಹೊತ್ತನ್ನು ನಾವು ಕಡಿಮೆ ಮಾಡಲಾರೆವು. ಮನೆಯಲ್ಲಿ ಕಳೆಯುವ ಹೊತ್ತನ್ನು ಮಾಡಬಹುದು. ‘ಸ್ವಲ್ಪ ಮಜ್ಜಿಗೆ ಕುಡಿ, ಮಲಗು, ಬೆಳಿಗ್ಗೆ ನೋಡುವಾ’ ಅನ್ನುವ ಮಾತಿನಲ್ಲಿ ಹೋಗುವ ಎರಡು ಗಂಟೆ ಉಳಿದರೆ ಜೀವವೇ ಉಳಿಯಬಹುದು.

ಆದ್ದರಿಂದ ಊರಿನ ಫ್ಯಾಮಿಲಿ ಗ್ರೂಪಿಗೆ ಇಷ್ಟು ಕಳಿಸಿ. ಒಂದು, ನೀರಿನ ಬಣ್ಣ ಬದಲಾಗಿದೆ ಅಥವಾ ಮೀನುಗಾರಿಕೆ ಇಲಾಖೆ ಎಚ್ಚರಿಸಿದೆ ಅಂದರೆ ಆ ದಿನಗಳಲ್ಲಿ ಬಳಚು ಬೇಡ. ಆದರೆ ನೀರು ತಿಳಿಯಾಗಿದೆ ಅಂತಲೇ ಧೈರ್ಯ ಬೇಡ. ಎರಡು, ತಿಂದ ಮೇಲೆ ತುಟಿ ಜುಮ್ಮೆಂದರೆ 108ಕ್ಕೆ ಕರೆ ಮಾಡಿ ಹೊರಡಿ, ‘ಚಿಪ್ಪು ತಿಂದಿದ್ದೆ’ ಅಂತ ಡಾಕ್ಟರಿಗೆ ಮೊದಲ ಮಾತಿಗೇ ಹೇಳಿ. ಮೂರು, ಜೊತೆಗೆ ಊಟ ಮಾಡಿದ ಎಲ್ಲರನ್ನೂ ವಿಚಾರಿಸಿ, ಉಳಿದ ಬಳಚನ್ನು ಎಸೆಯದೆ ಪರೀಕ್ಷೆಗೆ ಎತ್ತಿಡಿ. ನಾಲ್ಕು, ಕೃತಕ ಉಸಿರು ಕೊಡುವುದನ್ನು ಮನೆಗೊಬ್ಬರಾದರೂ ಕಲಿಯಿರಿ. ನೀರಿಗೆ ಬಿದ್ದವರಿಗೂ, ಹಾವು ಕಚ್ಚಿದವರಿಗೂ ಅದೇ ವಿದ್ಯೆ ಬೇಕಾಗುತ್ತದೆ.

ನಮ್ಮೂರಲ್ಲಿ ಸಣ್ಣಪುಟ್ಟದ್ದಕ್ಕೆ ಡಾಕ್ಟರ ಹತ್ತಿರ ಓಡುವವರನ್ನು ಕಂಡರೆ ನಗುತ್ತಾರೆ. ಈ ಒಂದು ವಿಷಯದಲ್ಲಿ ನಕ್ಕರೆ ನಗಲಿ. ಖಾರಕ್ಕೆ ಜುಮ್ಮೆಂದ ತುಟಿ ಹೊತ್ತು ಆಸ್ಪತ್ರೆಗೆ ಹೋದರೆ ಹೋಗುವುದು ಬಸ್ ಚಾರ್ಜು ಮಾತ್ರ.